ನಿಲ್ಲಿಸಿಟ್ಟ ಕಣಗಳು

ಮಸಿನಗುಡಿಯಿಂದ ಊಟಿಗೆ ಹತ್ತುವ ಬೆಳಗಿನ ಮಿನಿ ಬಸ್ಸಿನಲ್ಲಿ ಸೀಟು ಸಿಗಬೇಕಾದರೆ ಪೂರ್ವಜನ್ಮದ ಪುಣ್ಯ ಬೇಕು. ಲಿಂಗಾಜಮ್ಮನ ಹತ್ತಿರ ಅಂಥ ಪುಣ್ಯವೇನೂ ಇರಲಿಲ್ಲ ಎಂದು ಕಾಣುತ್ತದೆ. ಊಟಿಯ ಒಂದು ಖಾಸಗಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವ ಕೆಲಸ ಹಿಡಿದ ಲಾಗಾಯ್ತು ಅವಳು ಕಲ್ಲಟ್ಟಿ ಘಾಟಿಯ ತಿರುವುಗಳನ್ನೆಲ್ಲ ನಿಂತುಕೊಂಡೇ ಹತ್ತಿದ್ದಾಳೆ, ನಿಂತುಕೊಂಡೇ ಇಳಿದಿದ್ದಾಳೆ. ಕೆಳಗೆ ಮಸಿನಗುಡಿಯಲ್ಲಿ ಬೆವರು, ಮೇಲೆ ತಲೈಕುಂದದಲ್ಲಿ ನಡುಕ. ನಡುವೆ ಎಲ್ಲೋ ಒಂದು ತಿರುವಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಸ್ವೆಟರ್ ಹಾಕಿಕೊಳ್ಳುವ ವಿದ್ಯೆ ಅವಳಿಗೆ ಕರಗತವಾಗಿತ್ತು. ಆ ವಿದ್ಯೆಗೆ ಯಾವ ಯೂನಿವರ್ಸಿಟಿಯೂ ಡಿಗ್ರಿ ಕೊಡುವುದಿಲ್ಲ.

ಲಿಂಗಾಜಮ್ಮ ಎನ್ನುವುದು ಅವಳ ಅಜ್ಜಿಯ ಹೆಸರು. ಅಪ್ಪ ಶಿವಲಿಂಗಯ್ಯ ಗುಂಡ್ಲುಪೇಟೆ ಕಡೆಯವರು. ವಯಸ್ಸಿನಲ್ಲಿ ಕಾಡು ದಾಟಿ ಈಚೆಗೆ ಬಂದು, ಊಟಿಯ ಕ್ಯಾರೆಟ್ಟು, ಬೀಟ್‌ರೂಟು, ಬೆಳ್ಳುಳ್ಳಿಯನ್ನು ಮೈಸೂರಿನ ಕಡೆಗೆ ಸಾಗಿಸುವ ವ್ಯಾಪಾರ ಹಿಡಿದು, ಮಸಿನಗುಡಿಯಲ್ಲೇ ಬೇರು ಬಿಟ್ಟವರು. ಮಗಳಿಗೆ ಹೊಸ ಕಾಲದ ಹೆಸರಿಡಿ ಎಂದು ಯಾರು ಎಷ್ಟು ಹೇಳಿದರೂ ಕೇಳದೆ ತಮ್ಮ ಅವ್ವನ ಹೆಸರನ್ನೇ ಇಟ್ಟರು. ಕಾಲೇಜಿನ ಹುಡುಗಿಯರ ಬಾಯಲ್ಲಿ ಅದು ‘ಲಿಂಗಾ ಮಿಸ್’ ಆಯಿತು. ಅವಳಿಗೆ ಈಗ ನಲವತ್ತಾರು. ಮದುವೆಯಾಗಿಲ್ಲ. ಯಾಕೆ ಎಂದು ಬಸ್ಸಿನಲ್ಲಿ ಕೇಳಿದವರಿಗೆಲ್ಲ ಟೈಮ್ ಸಿಗಲಿಲ್ಲ ಎನ್ನುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ.

ಟೈಮನ್ನೆಲ್ಲ ತಿಂದದ್ದು ಒಂದು ಪಿಎಚ್.ಡಿ. ಕೊಯಮತ್ತೂರಿನ ಒಂದು ಯೂನಿವರ್ಸಿಟಿಯಲ್ಲಿ ಹದಿನಾಲ್ಕು ವರ್ಷದ ಹಿಂದೆ ಹೆಸರು ನೋಂದಾಯಿಸಿದ್ದಳು. ಕೆಲಸದ ಜೊತೆಜೊತೆಗೇ ಮಾಡುವ ಪಿಎಚ್.ಡಿ. ಅಂದರೆ ರಾಗಿ ಬೀಸುತ್ತಲೇ ನಿದ್ದೆ ಮಾಡಿದ ಹಾಗೆ, ಎರಡೂ ನೆಟ್ಟಗಾಗುವುದಿಲ್ಲ. ಆದರೆ ಅದು ಮುಗಿದರೆ ಸಿಗುವುದು ದೊಡ್ಡದಿತ್ತು. ಕಾಲೇಜಿನ ಕೆಲಸ ಖಾಯಂ ಆಗುತ್ತದೆ, ಮೇಲೆ ಊಟಿಯಲ್ಲೇ ಕ್ವಾರ್ಟರ್ಸಿನ ಎರಡು ಕೋಣೆ ಸಿಗುತ್ತದೆ. ಅಪ್ಪನನ್ನು ಕರೆದುಕೊಂಡು ಅಲ್ಲಿಗೆ ಹೋಗಿಬಿಟ್ಟರೆ ಆಮೇಲೆ ಘಾಟಿಯಿಲ್ಲ, ಬಸ್ಸಿಲ್ಲ, ಆನೆ ಅಡ್ಡ ನಿಂತಿದೆ ಎಂದು ದಾರಿಯಲ್ಲಿ ಕಾಯುವ ಸಂಜೆಗಳಿಲ್ಲ. ಡಾಕ್ಟರ್ ಎನ್ನಿಸಿಕೊಳ್ಳುವ ಆಸೆ ಅವಳಿಗೆ ಎಂದೋ ಸತ್ತಿತ್ತು. ಒಂದು ದಿನ ಬೆಳಿಗ್ಗೆ ಎಲ್ಲಿಗೂ ಹೊರಡದೆ ಸುಮ್ಮನೆ ಇರಬೇಕು ಎನ್ನುವ ಆಸೆ ಮಾತ್ರ ಉಳಿದಿತ್ತು.

ವಿಷಯವೇನು ಎಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿತ್ತು, ಕೇಳಿದವರಿಗೆ ಕೇಳುವ ತಾಳ್ಮೆ ಇರುತ್ತಿರಲಿಲ್ಲ. ಸೀಸದಂಥ ಭಾರವಾದ ಪರಮಾಣುವಿನ ಎರಡು ಬೀಜಗಳನ್ನು ಬೆಳಕಿನ ವೇಗದ ಹತ್ತಿರ ಹತ್ತಿರಕ್ಕೆ ಓಡಿಸಿ ಡಿಕ್ಕಿ ಹೊಡೆಸಿದರೆ, ಅವುಗಳೊಳಗಿನ ಪ್ರೋಟಾನು ನ್ಯೂಟ್ರಾನುಗಳೆಲ್ಲ ಕರಗಿಹೋಗುತ್ತವೆ. ಒಳಗೆ ಅಡಗಿದ್ದ ಕ್ವಾರ್ಕುಗಳೂ ಅವನ್ನು ಅಂಟಿಸಿಟ್ಟಿದ್ದ ಗ್ಲುವಾನುಗಳೂ ಬಿಡಿಬಿಡಿಯಾಗಿ ಕುದಿಯುತ್ತವೆ. ಸೂರ್ಯನ ಹೊಟ್ಟೆಗಿಂತ ಲಕ್ಷ ಪಾಲು ಬಿಸಿ. ಕಣ್ಣು ಮಿಟುಕಿಸುವುದಿರಲಿ, ಮಿಟುಕಿಸೋಣ ಅಂದುಕೊಳ್ಳುವುದರೊಳಗೆ ಅದು ಆರಿಯೂ ಹೋಗಿರುತ್ತದೆ. ಡಿಕ್ಕಿಯ ಮೊದಲ ಗಳಿಗೆಯಲ್ಲೇ ಚಾರ್ಮ್ ಎಂಬ ಭಾರದ ಕ್ವಾರ್ಕ್ ಒಂದು ಹುಟ್ಟಿ, ಆ ಕುದಿಯನ್ನು ಹಾದು ಹೊರಗೆ ಬರಬೇಕು. ಬರುವ ದಾರಿಯಲ್ಲಿ ಅದು ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ? ಹದಿನಾಲ್ಕು ವರ್ಷ ಹೋದದ್ದು ಈ ಒಂದು ಪ್ರಶ್ನೆಗೆ.

ತರಗತಿಯಲ್ಲಿ ಅವಳು ಇದನ್ನು ಬಸ್ಸಿನ ಲೆಕ್ಕದಲ್ಲಿ ಹೇಳುತ್ತಿದ್ದಳು. ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಹಿಂದಿನಿಂದ ಜೋರಾಗಿ ನುಗ್ಗುತ್ತಾನೆ. ಅವರಿಗಿವರಿಗೆ ಗುದ್ದಿಕೊಂಡು ಒಂದಿಷ್ಟು ಶಕ್ತಿ ಕಳೆಯುತ್ತಾನೆ. ಗುದ್ದಿದಾಗಲೆಲ್ಲ ಬಾಯಿಂದ ಬೈಗುಳ ಉದುರಿಸುತ್ತಾನಲ್ಲ, ಅದರಲ್ಲಿ ಇನ್ನೊಂದಿಷ್ಟು ಹೋಗುತ್ತದೆ. ಕ್ವಾರ್ಕೂ ಹಾಗೆಯೇ, ಗುದ್ದಿ ಕಳೆದುಕೊಳ್ಳುವುದೊಂದು, ದಾರಿಯುದ್ದಕ್ಕೂ ಗ್ಲುವಾನುಗಳನ್ನು ಉದುರಿಸಿ ಕಳೆದುಕೊಳ್ಳುವುದಿನ್ನೊಂದು. ಹುಡುಗಿಯರು ನಗುತ್ತಿದ್ದರು. ಅವಳ ತಪ್ಪು ಆ ಬಸ್ಸಿನೊಳಗೇ ಕೂತಿತ್ತು, ಇಷ್ಟು ವರ್ಷ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ.

ಆ ತಪ್ಪು ಹುಟ್ಟಿದ ಬಗೆಯನ್ನು ಹೇಳಬೇಕಾದರೆ ಕಲ್ಲಟ್ಟಿ ಇಳಿಜಾರಿನ ಬಗ್ಗೆ ಹೇಳಬೇಕು. ಬೇರೆ ಊರುಗಳಲ್ಲಿ ನೆಂಟರು ಬಂದರೆ ಪ್ರಯಾಣ ಸುಖವಾಗಿತ್ತೇ ಎಂದು ಕೇಳುತ್ತಾರೆ. ಮಸಿನಗುಡಿಯಲ್ಲಿ ಕೇಳುವುದು ಒಂದೇ ಮಾತು, ಗೇರಲ್ಲಿ ಬಂದ್ರಾ ಬ್ರೇಕಲ್ಲಿ ಬಂದ್ರಾ ಅಂತ. ಬಯಲುಸೀಮೆಯ ಡ್ರೈವರುಗಳು ಉದ್ದಕ್ಕೂ ಬ್ರೇಕ್ ತುಳಿದುಕೊಂಡು ಇಳಿಯುತ್ತಾರೆ. ಡ್ರಮ್ಮು ಕಾದು, ಬ್ರೇಕು ಹಿಡಿಯುವುದು ಬಿಟ್ಟು, ಕೊನೆಗೆ ಗಾಡಿ ಕಮರಿಗೆ. ಇಲ್ಲಿಯವರು ಮೊದಲ ಗೇರಿಗೆ ಹಾಕಿ, ಇಂಜಿನ್ನು ಗೋಳಿಡುತ್ತಿದ್ದರೂ ಎತ್ತಿನಗಾಡಿಯ ನಡಿಗೆಯಲ್ಲೇ ಇಳಿಸುತ್ತಾರೆ. ಹೀಗಾಗಿ ಈ ಊರಿನ ಮಕ್ಕಳಿಗೆ ವೇಗ ಎಂದರೆ ಹೇಗಾದರೂ ಮಾಡಿ ಕಳೆದುಕೊಳ್ಳಬೇಕಾದ ಒಂದು ಪೀಡೆ, ನಿಂತ ಗಾಡಿಯೇ ಒಳ್ಳೆಯ ಗಾಡಿ.

ಇಷ್ಟೆಲ್ಲ ಗೊತ್ತಿದ್ದ ಶಿವಲಿಂಗಯ್ಯನವರ ಪಿಕಪ್ಪೇ ಕೆಲವು ವರ್ಷದ ಹಿಂದೆ ಒಂದು ದಿನ ಕ್ಯಾರೆಟ್ ಮೂಟೆ ಹೊತ್ತು ಇಳಿಯುವಾಗ ಹಿಡಿತ ತಪ್ಪಿತು. ಗೇರು ಕಳಚಿಕೊಂಡಿತು, ಬ್ರೇಕು ಕೇಳಲಿಲ್ಲ. ಒಂದು ತಿರುವಿನ ಮಣ್ಣು ದಿಬ್ಬಕ್ಕೆ ಗಾಡಿಯನ್ನು ಅವರೇ ತಿರುಗಿಸಿ ಗುದ್ದಿಸಿದರು. ಅವರ ಬಲಗಾಲು ಎರಡು ಕಡೆ ಮುರಿಯಿತು, ಜೀವ ಉಳಿಯಿತು. ಸುದ್ದಿ ತಿಳಿದು ಲಿಂಗಾಜಮ್ಮ ಓಡಿಹೋದಾಗ ಅವಳಿಗೆ ಮೊದಲು ಕಂಡದ್ದು ದಿಬ್ಬಕ್ಕೆ ಮೂತಿ ಒತ್ತಿ ಅಲ್ಲಾಡದೆ ನಿಂತಿದ್ದ ಗಾಡಿ. ನಿಂತಿದೆಯಲ್ಲ ದೇವರೇ, ನಿಂತಿದೆಯಲ್ಲ ಎಂದು ರಸ್ತೆಯ ಮೇಲೆ ಚೆಲ್ಲಿದ್ದ ಕ್ಯಾರೆಟ್ಟುಗಳ ನಡುವೆ ಕೂತು ಅತ್ತಿದ್ದಳು.

ಅಪ್ಪ ಆಸ್ಪತ್ರೆಯಲ್ಲಿದ್ದ ಆ ದಿನಗಳಲ್ಲೇ ಅವಳು ತನ್ನ ಕ್ವಾರ್ಕುಗಳ ಲೆಕ್ಕಕ್ಕೆ ಕಂಪ್ಯೂಟರ್ ಪ್ರೋಗ್ರಾಮ್ ಬರೆದದ್ದು. ಅದರಲ್ಲಿ ಒಂದು ಸಾಲು ಹೀಗಿತ್ತು: ವೇಗ ಇಷ್ಟಕ್ಕಿಂತ ಕಡಿಮೆಯಾದರೆ ಕಣ ನಿಂತಿತು ಎಂದು ತಿಳಿ. ಯಾವ ಪುಸ್ತಕವೂ ಅವಳಿಗೆ ಹಾಗೆ ಬರೆಯಲು ಹೇಳಿರಲಿಲ್ಲ. ಇಳಿಜಾರಿನಲ್ಲಿ ಬಂದದ್ದು ಕೊನೆಗೆ ನಿಲ್ಲಬೇಕು ಎನ್ನುವುದು ಅವಳಿಗೆ ಅಷ್ಟು ಸಹಜವಾಗಿತ್ತು. ಆ ಒಂದು ಸಾಲಿನ ಮೇಲೆ ಐದನೆಯ ಅಧ್ಯಾಯ ಪೂರ್ತಿ ಕಟ್ಟಿದಳು. ಭಾರದ ಕ್ವಾರ್ಕುಗಳಲ್ಲಿ ಇಷ್ಟು ಪಾಲು ಪ್ಲಾಸ್ಮಾದ ಒಳಗೇ ನಿಂತುಹೋಗುತ್ತವೆ ಎನ್ನುವುದು ಅವಳ ಪ್ರಬಂಧದ ಮುಖ್ಯ ಫಲ. ಕಣಗಳ ವೇಗದ ನಕ್ಷೆಯಲ್ಲಿ ಸೊನ್ನೆಯ ಮೇಲೆ ಒಂದು ಕಪ್ಪು ಕಂಬ ನಿಂತಿರುತ್ತಿತ್ತು, ನಿಂತ ಕಣಗಳ ರಾಶಿ. ಬಹಳ ದಣಿದ ದಿನಗಳಲ್ಲಿ ಅವಳು ಆ ಕಂಬವನ್ನು ಸುಮ್ಮನೆ ನೋಡುತ್ತ ಕೂರುತ್ತಿದ್ದಳು. ನೋಡಿದರೆ ಹಾಯೆನಿಸುತ್ತಿತ್ತು.

ಪ್ರಬಂಧ ಒಪ್ಪಿಸುವ ಮುಂಚೆ ಯೂನಿವರ್ಸಿಟಿಯಲ್ಲಿ ಒಂದು ಸೆಮಿನಾರ್ ಕೊಡಬೇಕು. ಅದಕ್ಕೆ ದಿನ ಗೊತ್ತಾಯಿತು. ಅವಳ ಗೈಡ್ ಪ್ರೊಫೆಸರ್ ಸೆಲ್ವಕುಮಾರ್ ಅದೇ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಈಗ ಆಗದಿದ್ದರೆ ಮುಂದೆ ಯಾವ ಗೈಡು, ಯಾವ ಕಾಲ, ಒಂದೂ ಹೇಳುವ ಹಾಗಿರಲಿಲ್ಲ. ಶಿವಲಿಂಗಯ್ಯನವರು ಆಗಲೇ ಮಸಿನಗುಡಿಯ ಬಜಾರಿನಲ್ಲೆಲ್ಲ ಮಗಳು ಡಾಕ್ಟರಾದಳು ಎಂದು ಹೇಳಿಯಾಗಿತ್ತು. ಇಬ್ಬರು ಮೂವರು ಅವರನ್ನು ನಿಲ್ಲಿಸಿ ಮಂಡಿನೋವಿಗೆ ಔಷಧಿಯನ್ನೂ ಕೇಳಿದ್ದರು.

ಸೆಮಿನಾರಿಗೆ ಒಂದು ವಾರ ಇರುವಾಗ, ಒಂದು ಬೆಳಿಗ್ಗೆ, ಲಿಂಗಾಜಮ್ಮ ಬಸ್ಸಿನ ಹಿಂದಿನ ಬಾಗಿಲಲ್ಲಿ ಹತ್ತಿ ನಿಂತಳು. ಅವತ್ತು ಕಾಲು ಕೆಸರಿನಲ್ಲಿ ಹೂತಷ್ಟು ಭಾರವಾಗಿತ್ತು. ಕಂಬಿ ಹಿಡಿಯಲೂ ಬೇಸರವಾಗಿ ಕೈ ಬಿಟ್ಟಳು. ಬೀಳುವ ಭಯವೇನಿಲ್ಲ, ಬೀಳಲು ಜಾಗ ಬೇಕಲ್ಲ. ಇವತ್ತು ನಾನು ಅಲ್ಲಾಡುವುದಿಲ್ಲ, ಊಟಿ ಬರುವ ತನಕ ಇಲ್ಲೇ ಕಂಬದ ಹಾಗೆ ನಿಲ್ಲುತ್ತೇನೆ ಎಂದು ಹಟ ಹಿಡಿದು ಕಣ್ಣು ಮುಚ್ಚಿದಳು. ಯಾರೋ ಇಳಿದರು, ಯಾರೋ ಹತ್ತಿದರು, ಮೂಟೆಯೊಂದು ಮೊಣಕಾಲಿಗೆ ತಾಗಿತು, ತಿರುವಿನಲ್ಲಿ ಹತ್ತು ಜನ ಒಟ್ಟಿಗೆ ವಾಲಿದರು. ತಲೈಕುಂದದ ಚಳಿ ಮುಖಕ್ಕೆ ಬಡಿದು ಕಣ್ಣು ಬಿಟ್ಟರೆ ಅವಳು ಡ್ರೈವರ್ ಭೋಜನ್ ಸೀಟಿನ ಹಿಂದೆ ಇದ್ದಳು.

ಕಲ್ಲಟ್ಟಿಯಲ್ಲಿ ಹತ್ತಿ ಊಟಿ ಮಾರ್ಕೆಟ್ಟಿಗೆ ಸೊಪ್ಪು ಒಯ್ಯುವ ಚಿನ್ನಮ್ಮಾಳ್ ಪಕ್ಕದಲ್ಲೇ ಇದ್ದಳು. ನೀಲಗಿರಿಯ ಬಡಗರ ಹೆಂಗಸು, ಅವಳದು ಬಡಗು ಮಾತು. ಹಿಂದಿನ ಬಾಗಿಲಲ್ಲಿದ್ದ ಟೀಚರಮ್ಮ ಒಂದು ಹೆಜ್ಜೆಯೂ ಇಡದೆ ಇಲ್ಲಿಯ ತನಕ ಹೇಗೆ ಬಂದಿರಿ ಎಂದು ಅವಳು ನಕ್ಕಳು. ಲಿಂಗಾಜಮ್ಮನೂ ನಗಲು ಹೋದಳು. ನಗು ಬಾಯಿಗೆ ಬರುವ ಮುಂಚೆಯೇ ಇನ್ನೊಂದು ಯೋಚನೆ ಬಂತು.

ನಾನೇ ನಿಲ್ಲಲಾಗಲಿಲ್ಲ. ನನ್ನ ಕ್ವಾರ್ಕುಗಳು ಹೇಗೆ ನಿಂತವು?

ಕಂಡಕ್ಟರನನ್ನು ತಡೆಯುವ ಜನವೇ ಸುಮ್ಮನೆ ನಿಂತವರನ್ನು ತಳ್ಳುವ ಜನ. ಬಿಸಿಯಲ್ಲಿ ತಡೆ ಒಂದೇ ಇರುವುದಿಲ್ಲ. ಎಷ್ಟು ತಡೆಯೋ ಅದಕ್ಕೆ ತಕ್ಕ ತಳ್ಳು, ಎರಡೂ ಬರುವುದು ಸುತ್ತಲಿನ ಒಂದೇ ಬಿಸಿಯಿಂದ, ಒಂದನ್ನು ಬಿಟ್ಟು ಒಂದು ಬರುವುದಿಲ್ಲ. ಇದು ಉಷ್ಣಶಾಸ್ತ್ರದ ಕಟ್ಟಳೆ. ನೀರಿನಲ್ಲಿ ಕುಣಿಯುವ ಧೂಳಿನ ಕಣದ ಪಾಠದಲ್ಲಿ ಅವಳೇ ವರ್ಷ ವರ್ಷವೂ ಹೇಳಿಕೊಟ್ಟದ್ದು. ವೇಗವಾಗಿ ಹೋಗುವ ಕ್ವಾರ್ಕಿಗೆ ಆ ಸಣ್ಣ ತಳ್ಳುಗಳು ಲೆಕ್ಕಕ್ಕಿಲ್ಲ. ಸೋತು ನಿಧಾನವಾದದ್ದಕ್ಕೆ ಅವೇ ಎಲ್ಲ. ಅದು ಎಂದೂ ನಿಲ್ಲುವುದಿಲ್ಲ, ಸುತ್ತಲಿನ ಬಿಸಿ ಎಷ್ಟೋ ಅಷ್ಟಕ್ಕೆ ಹೊಂದಿಕೊಂಡು ಕುಲುಕುತ್ತ ಇರುತ್ತದೆ. ಕಾಲೇಜಿಗೆ ಹೋದವಳು ಮೊದಲ ಬಿಡುವಿನಲ್ಲೇ ಪ್ರೋಗ್ರಾಮಿನಿಂದ ಆ ಸಾಲನ್ನು ಅಳಿಸಿ, ತಳ್ಳುಗಳನ್ನು ಸೇರಿಸಿ ಓಡಿಸಿದಳು. ಮಧ್ಯಾಹ್ನದ ಹೊತ್ತಿಗೆ ನಕ್ಷೆ ಬಂತು. ಕಪ್ಪು ಕಂಬ ಇರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ಅವಳೇ, ದೊಣ್ಣೆಯೂ ಅವಳೇ.

ಅವಳು ಸೆಲ್ವಕುಮಾರ್ ಅವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಉಳಿದ ಅಧ್ಯಾಯಗಳು ಗಟ್ಟಿಯಾಗಿವೆ. ಐದನೆಯದರ ಆ ಮೂಲೆಯನ್ನು ಯಾರೂ ಬಗ್ಗಿ ನೋಡುವುದಿಲ್ಲ. ಈಗ ಒಪ್ಪಿಸಿಬಿಡಿ, ಡಿಗ್ರಿ ಬಂದ ಮೇಲೆ ಒಂದು ತಿದ್ದುಪಡಿಯ ಲೇಖನ ಬರೆದರಾಯಿತು. ಕೆಟ್ಟ ಮನುಷ್ಯರೇನಲ್ಲ ಅವರು, ದಣಿದಿದ್ದರು. ಮೂವತ್ತು ವರ್ಷ ಪಾಠ ಹೇಳಿ, ತಮ್ಮ ಕೊನೆಯ ವಿದ್ಯಾರ್ಥಿನಿಯನ್ನು ದಡ ಮುಟ್ಟಿಸಿ ಮನೆಗೆ ಹೋಗೋಣ ಎಂದು ಕಾಯುತ್ತಿದ್ದರು.

ಅಪ್ಪನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಸಂಜೆ ಅವರು ಎಂದಿನಂತೆ ಕೋಲೂರಿಕೊಂಡು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಮುರಿದು ಕೂಡಿದ ಕಾಲು ಅದು, ಒಂದೇ ಕಡೆ ಇಟ್ಟರೆ ಬಿಗಿದುಕೊಳ್ಳುತ್ತಿತ್ತು. ಅವಳು ಹೇಳಿದ್ದರಲ್ಲಿ ಅವರಿಗೆ ಅರ್ಥವಾದದ್ದು ಇಷ್ಟೇ: ಒಂದು ತಪ್ಪಾಗಿದೆ, ಅದು ಯಾರಿಗೂ ಗೊತ್ತಿಲ್ಲ.

“ಬುಡವ್ವ ಅತ್ಲಾಗೆ,” ಎಂದರು ಅವರು. “ಮುಗ್ಸ್‌ಬುಡು. ಸೊರಗೋಗಿರೋ ನಿನ್ ಮೊಕ ನೋಡಕಾಗಕಿಲ್ಲ ನಂಗೆ.”

ಅವಳೂ ಆ ತಪ್ಪನ್ನು ಹಾಗೇ ಬಿಡುವುದೆಂದೇ ಮನಸ್ಸು ಮಾಡಿದಳು. ಇದರಲ್ಲಿ ಮುಚ್ಚುಮರೆಯೇನಿಲ್ಲ. ಗೈಡು ಬಿಡು ಎನ್ನುತ್ತಾರೆ, ಹೆತ್ತ ಅಪ್ಪ ಬಿಡು ಎನ್ನುತ್ತಾರೆ, ಕಾಲು ಬಿಡು ಎನ್ನುತ್ತದೆ. ಹೀಗಿರುವಾಗ ಬೇಡ ಎನ್ನಲು ಅವಳೇನು ಹರಿಶ್ಚಂದ್ರನ ವಂಶದವಳೇ? ಹಳೆಯ ನಕ್ಷೆಯನ್ನೇ ಇಟ್ಟುಕೊಂಡು, ಸೆಮಿನಾರಿನ ದಿನ ಬೆಳಗಿನ ಬಸ್ಸು ಹತ್ತಿ, ಊಟಿಯಲ್ಲಿ ಬಸ್ಸು ಬದಲಿಸಿ, ಮೇಟ್ಟುಪಾಳ್ಯಂ ದಾಟಿ ಕೊಯಮತ್ತೂರಿನ ಬಿಸಿಲಿಗೆ ಇಳಿದಳು. ಸ್ವೆಟರ್ ಚೀಲದಲ್ಲಿತ್ತು, ಬೆನ್ನು ಬೆವೆತು ಸೀರೆಗೆ ಅಂಟಿತ್ತು.

ಸೆಮಿನಾರ್ ಕೋಣೆಯಲ್ಲಿ ಮೂವರು ಪ್ರೊಫೆಸರುಗಳು, ಸೆಲ್ವಕುಮಾರ್, ಕಾಫಿಗೆಂದು ಬಂದ ಏಳೆಂಟು ವಿದ್ಯಾರ್ಥಿಗಳು ಇದ್ದರು. ಅವಳು ನೀರು ಕುಡಿದಷ್ಟು ಸಲೀಸಾಗಿ ಮಾತಾಡಿದಳು. ಗುದ್ದುಗಳು, ಉದುರುವ ಗ್ಲುವಾನುಗಳು, ತಣ್ಣಗಾಗುತ್ತ ಹಿಗ್ಗುವ ಪ್ಲಾಸ್ಮಾ, ಎಲ್ಲ ಆಯಿತು. ಕೊನೆಯದಾಗಿ ಐದನೆಯ ಅಧ್ಯಾಯದ ನಕ್ಷೆ ಗೋಡೆಯ ಮೇಲೆ ಬಂತು. ಸೊನ್ನೆಯ ಮೇಲೆ ಕಪ್ಪು ಕಂಬ. ಪ್ರಶ್ನೆಗಳಿವೆಯೇ ಎಂದು ಅಧ್ಯಕ್ಷರು ಕೇಳಿದರು. ಒಬ್ಬರು ಗಡಿಯಾರ ನೋಡಿದರು. ಪ್ರಶ್ನೆಗಳಿರಲಿಲ್ಲ. ಹಾಗಾದರೆ ಪ್ರಬಂಧ ಒಪ್ಪಿಸಬಹುದು ಎಂದು ಶಿಫಾರಸು ಮಾಡೋಣ ಎಂದು ಅಧ್ಯಕ್ಷರು ಮಿಕ್ಕವರ ಮುಖ ನೋಡಿದರು. ಮಿಕ್ಕವರು ತಲೆಯಾಡಿಸಿದರು. ಸೆಲ್ವಕುಮಾರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಲಿಂಗಾಜಮ್ಮ ಈಗ ಥ್ಯಾಂಕ್ಸ್ ಹೇಳಿ ಕೂರಬೇಕಿತ್ತು, ಅಷ್ಟೇ. ಕೂರುವ ಮುಂಚೆ ಒಂದು ಸಲ ಗೋಡೆಯ ಕಡೆ ನೋಡಿದಳು. ಆ ಕಂಬವನ್ನು ಕಂಡು ಅವಳಿಗೆ ಸಿಟ್ಟು ಬಂತು. ಸತ್ಯದ ಸಿಟ್ಟು, ಶಾಸ್ತ್ರದ ಸಿಟ್ಟು ಅಂಥದ್ದೇನೂ ಅಲ್ಲ. ಸೋತವರು ನಿಂತುಬಿಡುತ್ತಾರೆ ಎಂದು ಈ ಗೋಡೆ ಹೇಳುತ್ತಿದೆಯಲ್ಲ ಎನ್ನುವ ಸಿಟ್ಟು. ಸೋಲುವುದರ ಬಗ್ಗೆ ಅವಳಿಗಿಂತ ಚೆನ್ನಾಗಿ ಈ ಕೋಣೆಯಲ್ಲಿ ಯಾರಿಗೆ ಗೊತ್ತು? ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ದಿನ ಅವಳನ್ನು ಯಾರಾದರೂ ನಿಲ್ಲಲು ಬಿಟ್ಟಿದ್ದರೇ? ದಣಿದದ್ದು ನಿಲ್ಲುವುದೇ ನಿಜವಾಗಿದ್ದರೆ ಎಲ್ಲರಿಗಿಂತ ಮೊದಲು ಅವಳು ನಿಂತಿರಬೇಕಿತ್ತು. ತನ್ನ ಆಯಾಸದ ಮೇಲೇ ತಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಅನ್ನಿಸಿ ಅವಳಿಗೆ ನಾಚಿಕೆಯಾಯಿತು.

“ಇವು ನಿಲ್ಲೋದಿಲ್ಲ ಸರ್,” ಎಂದಳು. “ನಾನೇ ನಿಲ್ಲಿಸಿಟ್ಟಿದ್ದೆ.”

ಆಮೇಲೆ ಬೋರ್ಡಿನ ಹತ್ತಿರ ಹೋಗಿ, ಬಿಟ್ಟುಹೋದ ತಳ್ಳುಗಳ ಪದವನ್ನು ಸಮೀಕರಣದಲ್ಲಿ ಬರೆದು, ತನ್ನ ಮುಖ್ಯ ಫಲ ಯಾಕೆ ಸುಳ್ಳು ಎಂದು ತಾನೇ ವಿವರಿಸಿದಳು. ಗಡಿಯಾರ ನೋಡಿದ್ದವರು ಈಗ ಅವಳನ್ನು ನೋಡುತ್ತಿದ್ದರು. ಅಧ್ಯಕ್ಷರು ಇದನ್ನು ಹೇಗೆ ಮುಗಿಸಬೇಕೆಂದೇ ತಿಳಿಯದೆ ಕೊಂಚ ತಡವರಿಸಿದರು. ಕೊನೆಗೆ ಆದ ತೀರ್ಮಾನ ಹೀಗಿತ್ತು: ಐದನೆಯ ಅಧ್ಯಾಯ ಹೊಸದಾಗಿ ಬರೆಯಬೇಕು, ಒಂದು ವರ್ಷದ ಅವಕಾಶ ಕೇಳಬೇಕು, ಕೊಟ್ಟರೆ ಇನ್ನೊಬ್ಬ ಗೈಡನ್ನು ಹುಡುಕಿಕೊಳ್ಳಬೇಕು. ಕೊಡುತ್ತಾರೆ ಎಂದು ಯಾರೂ ಮಾತು ಕೊಡಲಿಲ್ಲ.

ಹೊರಗೆ ವರಾಂಡದಲ್ಲಿ ಸೆಲ್ವಕುಮಾರ್ ಎರಡು ಲೋಟ ಟೀ ಹಿಡಿದು ನಿಂತಿದ್ದರು. ಒಂದನ್ನು ಅವಳಿಗೆ ಕೊಟ್ಟರು. ನಾನು ನಿವೃತ್ತನಾಗುವುದು ನಿಮಗೆ ಇಷ್ಟವಿಲ್ಲವೇನಮ್ಮ ಎಂದು ಕೇಳಿದರು. ಟೀ ಮುಗಿಯುವ ತನಕ ಅವರು ಬೈದರು, ಅವಳು ಕೇಳಿಸಿಕೊಂಡಳು, ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಲೋಟವನ್ನು ಕಟ್ಟೆಯ ಮೇಲಿಟ್ಟು ಹೊರಟವರು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು. ಹೆಸರಿಗೆ ಗೈಡು ಯಾರೇ ಆಗಲಿ, ಶನಿವಾರಗಳಂದು ತಾವು ಬಂದು ಕೂತು ಲೆಕ್ಕ ನೋಡುವುದಾಗಿಯೂ, ಆ ತಳ್ಳಿನ ಪದದಲ್ಲಿ ಅವಳು ಈಗ ಬರೆದ ಎರಡರ ಗುಣಕವೊಂದು ತಪ್ಪಾಗಿದೆ ಎಂದೂ ಹೇಳಿ ಹೋದರು.

ಊಟಿಗೆ ವಾಪಸ್ಸು ಬಂದಾಗ ಮಬ್ಬು ಇಳಿಯುತ್ತಿತ್ತು. ಮಸಿನಗುಡಿಯ ಕೊನೆಯ ಬಸ್ಸು ಎಂದಿನಂತೆ ಕಿಕ್ಕಿರಿದಿತ್ತು. ಸೊಪ್ಪು ಮಾರಿ ಖಾಲಿ ಕುಕ್ಕೆ ಹಿಡಿದ ಚಿನ್ನಮ್ಮಾಳಿಗೆ ಹೇಗೋ ಸೀಟು ಸಿಕ್ಕಿತ್ತು. ಅವಳು ಲಿಂಗಾಜಮ್ಮನ ಮುಖವನ್ನು ಒಮ್ಮೆ ನೋಡಿದಳು. ಹೋದ ಕೆಲಸ ಏನಾಯಿತು ಎಂದು ಕೇಳಲಿಲ್ಲ. ಪಕ್ಕದವನನ್ನು ಮೊಣಕೈಯಲ್ಲಿ ಒತ್ತರಿಸಿ ಒಂದು ಗೇಣು ಜಾಗ ಮಾಡಿ ಇವಳನ್ನು ಕೂರಿಸಿಕೊಂಡಳು.

“ಪರವಾಗಿಲ್ಲೆ, ಎನ್ನ ಮೇಲೆ ಒರಗು ಟೀಚರಮ್ಮ,” ಎಂದಳು.

ಲಿಂಗಾಜಮ್ಮ ಒರಗಿದಳು. ಚಿನ್ನಮ್ಮಾಳ ಶಾಲು ಕೊತ್ತಂಬರಿಯ ವಾಸನೆ ಬೀರುತ್ತಿತ್ತು. ಭೋಜನ್ ಮೊದಲ ಗೇರಿಗೆ ಹಾಕಿದ, ಇಂಜಿನ್ನು ಗೋಳಿಡತೊಡಗಿತು, ಬಸ್ಸು ಒಂದೊಂದೇ ತಿರುವು ಇಳಿಯಿತು. ಕಲ್ಲಟ್ಟಿಯಲ್ಲಿ ಚಿನ್ನಮ್ಮಾಳ್ ಇಳಿದುಹೋದದ್ದೂ ಅವಳಿಗೆ ಅರೆನಿದ್ದೆಯಲ್ಲಿ ಸರಿಯಾಗಿ ತಿಳಿಯಲಿಲ್ಲ. ಎಚ್ಚರವಾದಾಗ ಸೀಗೂರು ಸೇತುವೆ ದಾಟಿತ್ತು, ಸ್ವೆಟರ್ ಒಳಗೆ ಬೆವರುತ್ತಿತ್ತು. ಅಪ್ಪನಿಗೆ ಏನು ಹೇಳುವುದು ಎನ್ನುವ ಯೋಚನೆ ಆಗ ಬಂದು ಎದೆಯ ಮೇಲೆ ಕೂತಿತು. ಬಸ್ಸು ಕೆಟ್ಟು ಇಲ್ಲೇ ನಿಂತರೂ ಸರಿಯೇ ಅಂದುಕೊಂಡಳು. ಅದು ಕೆಡಲಿಲ್ಲ.

ಶಿವಲಿಂಗಯ್ಯನವರು ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಬಿಳಿ ಜುಬ್ಬ ಹಾಕಿ, ವಿಭೂತಿ ಇಟ್ಟು, ಬಗಲಲ್ಲಿ ಒಂದು ಸ್ವೀಟ್ ಬಾಕ್ಸು ಅಮುಕಿಕೊಂಡು ಅಂಗಡಿ ಸಾಲಿನ ಮುಂದೆ ಅತ್ತಿಂದಿತ್ತ ನಡೆಯುತ್ತಿದ್ದರು. ಬಾಕ್ಸಿನ ಮುಚ್ಚಳ ಆಗಲೇ ತೆರೆದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಟೀ ಅಂಗಡಿಯವನು ಮೈಸೂರುಪಾಕು ಜಗಿಯುತ್ತಲೇ ಡಾಕ್ಟರಮ್ಮ ಬಂದ್ರು ಎಂದ.

ಅವಳು ಅಪ್ಪನನ್ನು ಪಕ್ಕಕ್ಕೆ ಕರೆದು, ಆಗಲಿಲ್ಲ ಅಪ್ಪ, ನಾನೇ ತಪ್ಪು ಒಪ್ಪಿಕೊಂಡೆ, ಇನ್ನೂ ಒಂದು ವರ್ಷ, ಅದೂ ಅವರು ಕೊಟ್ಟರೆ ಎಂದಳು. ಕ್ವಾರ್ಟರ್ಸು, ಎರಡು ಕೋಣೆ, ಎಲ್ಲವೂ ಮುಂದಕ್ಕೆ ಹೋಯಿತು ಎಂದೂ ಹೇಳಿದಳು. ಅಪ್ಪನ ಮುಖ ಸಣ್ಣದಾಯಿತು. ಅದನ್ನು ನೋಡಲಾಗದೆ ಅವಳು ಬಸ್ಸಿನ ಚಕ್ರ ನೋಡಿದಳು. ಬ್ರೇಕು ತುಳಿಯದೆ ಇಳಿಸಿದ್ದರೂ ಚಕ್ರದಿಂದ ಬೆಚ್ಚನೆಯ ಹಬೆ ಮುಖಕ್ಕೆ ಬರುತ್ತಿತ್ತು.

ಶಿವಲಿಂಗಯ್ಯನವರು ಬಾಕ್ಸಿನೊಳಗೆ ನೋಡಿದರು. ಅರ್ಧ ಖಾಲಿಯಾಗಿತ್ತು.

“ಅಂಚ್‌ಬುಟ್ಟಿವ್ನಿ ಕನವ್ವ,” ಎಂದರು. “ತಿಂದೋರ್ತಾವ ವಾಪಸ್ ಕೇಳಕಾದದಾ? ವರ್ಸ ಆಗ್ಲಿ, ನೀನೇ ನಿಜ ಮಾಡ್ಬೇಕು.”

ಒಂದು ತುಂಡು ಮುರಿದು ಅವಳ ಬಾಯಿಗಿಟ್ಟರು. ಅವಳಿಗೆ ಅಳು ಬಂತು. ಬಾಯಿ ತುಂಬ ಸಿಹಿ ಇಟ್ಟುಕೊಂಡು ಅಳುವುದು ಬಹಳ ತ್ರಾಸದ ಕೆಲಸ. ನಾಳೆ ಬೆಳಿಗ್ಗೆ ಮತ್ತೆ ಇದೇ ಬಸ್ಸು, ನಾಳಿದ್ದೂ ಇದೇ ಬಸ್ಸು. ಅಂಗಡಿಯ ಮುಂದೆ ಒಂದು ಬೆಂಚಿತ್ತು. ಒಂದೇ ಒಂದು ಗಳಿಗೆ ಕೂತುಬಿಡೋಣ ಅಪ್ಪ, ಕಾಲು ಬಿದ್ದುಹೋಗಿದೆ ಎಂದು ಅವಳು ಚೀಲ ಕೆಳಗಿಟ್ಟಳು.

ಶಿವಲಿಂಗಯ್ಯನವರು ಕೋಲನ್ನು ಎಡಗೈಗೆ ಬದಲಾಯಿಸಿದರು. ಬಲಗೈಯನ್ನು ಮಗಳ ಬೆನ್ನಿನ ಮೇಲಿಟ್ಟು, ಚಿಕ್ಕಂದಿನಲ್ಲಿ ಸ್ಕೂಲಿಗೆ ಹೊರಡಿಸುತ್ತಿದ್ದ ಹಾಗೆ, ಮೆಲ್ಲಗೆ ಮುಂದಕ್ಕೆ ತಳ್ಳಿದರು.

“ನಡಿಯವ್ವ,” ಎಂದರು. “ನಿಂತ್ರೆ ನನ್ ಕಾಲ್ ಇಡ್ಕತದೆ.”

ಅವಳು ಚೀಲ ಎತ್ತಿಕೊಂಡಳು. ಅಪ್ಪನ ಕುಂಟು ನಡಿಗೆಗೆ ತನ್ನ ಹೆಜ್ಜೆ ಹೊಂದಿಸಿಕೊಂಡು ಮನೆಯ ಕಡೆ ನಡೆದಳು. ತಿರುವು ಮುಗಿಯುವ ತನಕ ಅವರ ಕೈ ಅವಳ ಬೆನ್ನ ಮೇಲೇ ಇತ್ತು.